ಕದಲಿಸಲಾಗದ ಗಣಪತಿ

ಕೆಸುವಿನ ಎಲೆಗೆ ಹಿಟ್ಟು ಸವರುತ್ತಿದ್ದೆ. ಪತ್ರೊಡೆ ಮಾಡುವವರಿಗೆ ಗೊತ್ತಿರುತ್ತದೆ, ಆ ಕೆಲಸವನ್ನು ಅರ್ಧಕ್ಕೆ ಬಿಟ್ಟು ಏಳಲು ಬರುವುದಿಲ್ಲ. ಒಂದು ಎಲೆಯ ಬೆನ್ನಿಗೆ ಹಿಟ್ಟು ಸವರಿ, ಅದರ ಮೇಲೆ ಇನ್ನೊಂದು ಎಲೆ ಹಾಸಿ, ಮತ್ತೆ ಸವರಿ, ಚಾಪೆಯ ಹಾಗೆ ಸುತ್ತಿ ಹಬೆಗೆ ಇಡುವ ತನಕ ಎರಡೂ ಕೈ ತುಂಬ ಹಿಟ್ಟೇ. ಫೋನು ಅಕ್ಕಿ ಡಬ್ಬದ ಮೇಲೆ ಇತ್ತು. ಹೊಡೆದುಕೊಂಡು ಸುಮ್ಮನಾಯಿತು. ಮತ್ತೆ ಹೊಡೆದುಕೊಂಡಿತು. ಮೊಣಕೈಯಲ್ಲಿ ಒತ್ತಿದರೆ ಕೇಳಲಿಲ್ಲ. ಕೊನೆಗೆ ಬಗ್ಗಿ ಮೂಗಿನ ತುದಿಯಿಂದ ಒತ್ತಿದೆ.

"ಚಿಕ್ಕಮ್ಮ, ಗಾಬರಿ ಆಗ್ಬೇಡಿ."

ಭಾವನ ಮಗ. ನಮ್ಮ ಮನೆಯವರ ಅಣ್ಣನ ಮಗ, ಪಕ್ಕದ ಮನೆಯವನೇ. ಊರಿನ ಯುವಕ ಸಂಘಕ್ಕೆ ಅವನೇ ಅಧ್ಯಕ್ಷ. ಗಾಬರಿ ಆಗಬೇಡಿ ಅಂತ ಶುರುವಾದ ಮಾತು ಒಳ್ಳೆಯದರಲ್ಲಿ ಮುಗಿದದ್ದನ್ನು ನಾನು ಈವರೆಗೆ ಕೇಳಿಲ್ಲ.

"ತಂಗಿಗೆ ಸಣ್ಣ ಪೆಟ್ಟಾಗಿದೆ. ಬಸ್ ಸ್ಟಾಪ್ ಹತ್ರ ಬೈಕ್ ಒಂದು ಸ್ಕಿಡ್ ಆಗಿ ಬಂದು ತಾಗ್ತು. ಎಚ್ಚರ ಎಲ್ಲ ಇದೆ, ಮಾತಾಡ್ತಿದ್ದಾಳೆ. ನಾನೇ ಕಾರಲ್ಲಿ ಸಾಗರಕ್ಕೆ ಕರ್ಕೊಂಡು ಹೊರಟಿದ್ದೀನಿ. ನೀವು ಚಿಕ್ಕಪ್ಪನ ಜೊತೆ ಬನ್ನಿ."

ಕೈ ತೊಳೆದೆನೋ ಇಲ್ಲವೋ ನೆನಪಿಲ್ಲ. ಮನೆಯವರ ಲಗೇಜ್ ಆಟೋದಲ್ಲಿ ಕೂತು ಆನಂದಪುರದ ತಿರುವಿನ ಬೋರ್ಡು ಕಾಣುವ ಹೊತ್ತಿಗೆ ನೋಡಿಕೊಂಡರೆ ಬಳೆಯ ಸಂದಿಯಲ್ಲಿ ಹಿಟ್ಟು ಒಣಗಿ ಗಟ್ಟಿಯಾಗಿತ್ತು. ಎಡಗೈ ಮಣಿಕಟ್ಟಿನ ಮೂಳೆ ಮುರಿದಿತ್ತು ಮಗಳದು. ತಲೆಗೆ ಏನೂ ಆಗಿರಲಿಲ್ಲ. ಬಲಗೈ ಉಳಿದಿತ್ತು, ಬರೆಯುವ ಕೈ. ಬೈಕಿನ ಹುಡುಗ ಓಡಿಹೋಗದೆ ಅವಳ ಚೀಲ ಹಿಡಿದುಕೊಂಡು ಆಸ್ಪತ್ರೆಯ ಬಾಗಿಲಲ್ಲಿ ಅಳುತ್ತ ನಿಂತಿದ್ದ. ದೇವರು ದೊಡ್ಡವನು ಎಂದುಕೊಂಡೆ. ಅಂಥ ಹೊತ್ತಲ್ಲಿ ಕಣ್ಣಿಗೆ ಬಿದ್ದಷ್ಟನ್ನೂ ಎಣಿಸಿ ಮಡಿಲಿಗೆ ಹಾಕಿಕೊಳ್ಳುವುದು ನನ್ನ ಅಭ್ಯಾಸ.

ಪ್ಲಾಸ್ಟರ್ ಹಾಕಿಸಿಕೊಂಡು ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಭಾವನ ಮಗ ಕೇಳಿದ, "ಅಲ್ಲ ಮಾರಾಯ್ತಿ, ಸ್ಟಾಪಿನ ಒಳಗೆ ಅಷ್ಟು ಜಾಗ ಖಾಲಿ ಬಿದ್ದಿತ್ತು. ಮಳೇಲಿ ರೋಡಿನ ಅಂಚಿಗೆ ನಿಂತ್ಕೊಂಡು ಎಂತ ಮಾಡ್ತಿದ್ದೆ?"

ಮಗಳು ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ನನಗೆ ತಕ್ಷಣ ಗೊತ್ತಾಯಿತು. ಹಿಂದಿನ ಸಂಜೆಯೇ ಅವಳು ಹೊರಗಾಗಿದ್ದಳು.

ಇದು ಅರ್ಥವಾಗಬೇಕಾದರೆ ನಮ್ಮ ಬಸ್ ಸ್ಟಾಪಿನ ಕತೆ ಹೇಳಬೇಕು.

ಹೊಸನಗರದಿಂದ ಸಾಗರಕ್ಕೆ ಹೋಗುವ ರಸ್ತೆಯ ಒಂದು ಕ್ರಾಸಿನಲ್ಲಿ ನಮ್ಮ ಮನೆ. ಕ್ರಾಸಿಗೊಂದು ತಂಗುದಾಣ. ಮೂರು ಗೋಡೆ, ತಗಡಿನ ಮಾಡು, ಗೋಡೆಯುದ್ದಕ್ಕೂ ಕೂರುವುದಕ್ಕೆ ಸಿಮೆಂಟಿನ ಕಟ್ಟೆ. ಅನುದಾನ ಕೊಟ್ಟವರ ಹೆಸರು ಊರಿನ ಹೆಸರಿಗಿಂತ ದೊಡ್ಡದಾಗಿ ಬರೆದಿದೆ. ನಾನು ಮದುವೆಯಾಗಿ ಬಂದಾಗ ಅಲ್ಲಿ ಬರಿಯ ಮರ ಇತ್ತು. ತಂಗುದಾಣ ಆದದ್ದು ಮಗಳು ಶಾಲೆಗೆ ಹೋಗುವ ಹೊತ್ತಿಗೆ. ಹಬ್ಬ ಬಂದರೆ ನಾನೇ ಅಲ್ಲಿ ಗುಡಿಸಿ, ಮುಂದೆ ನಾಲ್ಕು ಎಳೆ ರಂಗೋಲಿ ಎಳೆದು, ಮಾವಿನೆಲೆ ಕಟ್ಟಿ ಬರುತ್ತಿದ್ದೆ. ಊರಿನ ಬಾಗಿಲು ಅದು, ಬೋಳಾಗಿ ಇರಬಾರದು ಅಂತ. ಎಲೆ ಒಣಗಿ ಉದುರುತ್ತಿತ್ತು, ರಂಗೋಲಿ ಬಸ್ಸಿನ ಚಕ್ರಕ್ಕೆ ಅಂಟಿಕೊಂಡು ಹೋಗುತ್ತಿತ್ತು. ಯಾರಿಗೂ ಅದರಿಂದ ಏನೂ ತೊಂದರೆ ಆದದ್ದಿಲ್ಲ.

ಈ ಸಲ ಚೌತಿಗೆ ಹುಡುಗರು ಕ್ರಾಸಿನಲ್ಲಿ ಚಪ್ಪರ ಹಾಕಿ ಗಣಪತಿ ಕೂರಿಸಬೇಕು ಎಂದಿದ್ದರು. ಹಿಂದಿನ ದಿನದ ಗಾಳಿಮಳೆಗೆ ಚಪ್ಪರ ಮಗುಚಿತು. ಮಣ್ಣಿನ ಮೂರ್ತಿ ನೆನೆಯಬಾರದು ಎಂದು ತಂಗುದಾಣದ ಒಳಗೆ ಕೂರಿಸಿದರು. ನನಗೂ ಸರಿ ಅನಿಸಿತು. ಮೂರ್ತಿಯ ಹಿಂದೆ ಕಟ್ಟು ಹಾಕಿಸಿದ ದೊಡ್ಡದೊಂದು ಗಣಪತಿಯ ಪಟ ನಿಲ್ಲಿಸಿ, ಮುಂದೆ ಕಳಶ ಇಟ್ಟು, ಭಟ್ಟರು ಎರಡಕ್ಕೂ ಸೇರಿಸಿಯೇ ಪೂಜೆ ಮಾಡಿದರು. ಮಂಗಳಾರತಿಗೆ ತಟ್ಟೆ ಕೊಟ್ಟವಳು ನಾನು. ಪಂಚಕಜ್ಜಾಯ ಮಾಡಿಕೊಟ್ಟವಳೂ ನಾನೇ. ಜನ ಒಳಗೆ ಕಾಲಿಡುವಾಗ ತುಳಿದಾಡುತ್ತಾರೆಂದು ಹುಡುಗರು ಒಂದು ರಟ್ಟಿಗೆ 'ಚಪ್ಪಲಿ ಹೊರಗೆ ಬಿಡಿ' ಎಂದು ಬರೆದು ಕಂಬಕ್ಕೆ ಕಟ್ಟಿದರು.

ಪೂಜೆಯೆಲ್ಲ ಮುಗಿದ ಮೇಲೆ ದೇವರನ್ನು ಕದಲಿಸುವುದು ಅಂತ ಒಂದಿದೆ. ಅಕ್ಷತೆ ಹಾಕಿ, ಕೂತ ಜಾಗದಿಂದ ಉತ್ತರದ ಕಡೆಗೆ ಒಂದಿಷ್ಟು ಸರಿಸಬೇಕು. ಬಂದದ್ದಕ್ಕೆ ಸಂತೋಷವಪ್ಪ, ಇನ್ನು ಹೋಗಿ ಬಾ ಎಂದ ಹಾಗೆ. ನಮ್ಮ ಮನೆಗಳಲ್ಲಿ ಸತ್ಯನಾರಾಯಣನ ಕಳಶಕ್ಕೂ ಮಾಡುತ್ತೇವೆ. ಅಲ್ಲಿಯ ತನಕ ಆ ಜಾಗ ದೇವರದು. ಹುಡುಗರು ಮೂರ್ತಿಯನ್ನು ಕದಲಿಸಿದರು, ಡೊಳ್ಳು ಬಡಿದುಕೊಂಡು ಹೋಗಿ ಕೆರೆಗೆ ಬಿಟ್ಟರು. ಪಟದ ನೆನಪು ಯಾರಿಗೂ ಆಗಲಿಲ್ಲ. ಅದು ಹಾಗೇ ನಿಂತಿತು. ಹಣೆಯ ಮೇಲೆ ಕುಂಕುಮ, ಪಾದದಲ್ಲಿ ಅಕ್ಷತೆ. ಸೀರಿಯಲ್ ಲೈಟು ತೆಗೆಯಲಿಲ್ಲ, ಬಂಟಿಂಗ್ಸ್ ತೆಗೆಯಲಿಲ್ಲ, ಚಪ್ಪಲಿಯ ಬೋರ್ಡನ್ನೂ ತೆಗೆಯಲಿಲ್ಲ. ದಾರಿಯಲ್ಲಿ ಹೋಗುವವರು ಇಳಿದು ಊದುಬತ್ತಿ ಹಚ್ಚತೊಡಗಿದರು.

ಆಗಿಂದ ಕಟ್ಟೆಯ ಮೇಲೆ ಕೂರುವವರು ಕಡಿಮೆಯಾದರು. ಯಾರೂ ಕೂರಬೇಡಿ ಎಂದಿರಲಿಲ್ಲ. ಆದರೆ ಪೂಜೆಯಾದ ದೇವರಿಗೆ ಬೆನ್ನು ಹಾಕಿ ಕೂರುವುದು ಹೇಗೆ? ಸೂತಕದವರು ಹೊರಗೆ ನಿಂತರು. ಸಂತೆಗೆ ಒಣಮೀನು ತೆಗೆದುಕೊಂಡು ಹೋಗುವ ಹೆಂಗಸು ಬುಟ್ಟಿ ಹೊತ್ತುಕೊಂಡು ಆಚೆ ಮೋರಿ ಕಟ್ಟೆಗೆ ಹೋದಳು. ಉರ್ದು ಶಾಲೆಯ ಟೀಚರು, ಪಾಪ, ಮೊದಲ ದಿನದಿಂದಲೂ ಕೊಡೆ ಹಿಡಿದು ರಸ್ತೆ ಬದಿಗೇ ನಿಲ್ಲುತ್ತಿದ್ದರು. ಮಗಳು ತಿಂಗಳಲ್ಲಿ ಆ ಮೂರು ದಿನ ಎಲ್ಲಿ ನಿಲ್ಲುತ್ತಾಳೆ ಎನ್ನುವುದು ಮಾತ್ರ ನನ್ನ ತಲೆಗೆ ಬಂದಿರಲಿಲ್ಲ.

ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ದೇವರ ಹತ್ತಿರ ಹೋಗುವುದಿಲ್ಲ. ಅಷ್ಟೇ ಉಳಿಸಿಕೊಂಡಿದ್ದೇವೆ. ಬಸ್ಸಿಗೂ ಕಾಲೇಜಿಗೂ ಮೈಲಿಗೆ ಇಲ್ಲ, ಹೋಗಿ ಓದಲಿ ಎಂದು ನಮ್ಮ ಅತ್ತೆಯೇ ಹೇಳಿದ್ದರು, ಹಳೇ ಕಾಲದವರು. ಹಾಗೆ ಅವರು ತೆರೆದುಕೊಟ್ಟ ದಾರಿಯ ಬಾಯಿಗೇ ದೇವರನ್ನು ತಂದು ಕೂರಿಸಿದ ಹಾಗಾಯಿತು. ಮಗಳದು ಕೊನೆಯ ವರ್ಷದ ಬಿ.ಕಾಂ. ಹೊಸನಗರದ ಕಡೆಯಿಂದ ಬರುವ ಬಸ್ಸು ಯಾವತ್ತೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಒಂದೊಂದು ದಿನ ಮುಕ್ಕಾಲು ಗಂಟೆ ಕಾಯಬೇಕು.

ಆಸ್ಪತ್ರೆಯಿಂದ ಬಂದ ಮೇಲೆ ಭಾವನ ಮಗನನ್ನು ಕರೆದು ಕೂರಿಸಿ ಕಾಫಿ ಕೊಟ್ಟೆ. ಅಷ್ಟು ಮಾಡಿದ್ದಾನೆ ಹುಡುಗ, ಕಾರಿನ ಸೀಟಿಗೆಲ್ಲ ಕೆಸರು ಮೆತ್ತಿಸಿಕೊಂಡು ಕರೆದೊಯ್ದಿದ್ದಾನೆ, ಅದನ್ನು ಮರೆಯಬಾರದು. ಆದರೂ ಹೇಳಲೇಬೇಕಿತ್ತು. ಹೆಣ್ಣುಮಕ್ಕಳ ವಿಷಯ, ಗಂಡುಹುಡುಗನ ಮುಂದೆ ಬಾಯಿಬಿಟ್ಟು ಹೇಳಿದವಳಲ್ಲ ನಾನು. ಹೇಳಿದೆ.

ಅವನ ಮುಖ ಕೆಂಪಾಯಿತು. ಲೋಟ ಕೆಳಗಿಟ್ಟ.

"ಅದನ್ನೆಲ್ಲ ಈಗ ಯಾರು ನೋಡ್ತಾರೆ ಚಿಕ್ಕಮ್ಮ? ಒಳಗೆ ಬಂದು ಕೂತ್ರೆ ಗಣಪತಿ ಎಂತ ಸೊಂಡಿಲಲ್ಲಿ ಹೊಡೀತಾನಾ?"

"ಯಾರೂ ನೋಡಲ್ಲ ಅಂದ್ರೆ ಚಪ್ಪಲಿ ಹೊರಗೆ ಬಿಡಿ ಅಂತ ಬರೆದದ್ದು ಯಾರೋ?"

"ಅದು ಚೌತಿಗೆ ಬರೆದದ್ದು."

"ಚೌತಿ ಮುಗೀತಲ್ಲ. ಬೋರ್ಡ್ ಇದೆ, ದೇವರು ಇದ್ದಾನೆ. ಬಸ್ ಕಾಯೋರು ಹೊರಗಿದ್ದಾರೆ."

"ಬಸ್ಸಲ್ಲೂ ಡ್ರೈವರ್ ಮುಂದೆ ಫೋಟೋ ಇರ್ತದೆ. ಬಸ್ ಹತ್ತಲ್ವಾ ನೀವು?"

"ಅದಕ್ಕೆ ಅವನು ಒಂದು ಊದುಬತ್ತಿ ಸಿಗಿಸ್ತಾನೆ. ನೀವು ಕಳಶ ಇಟ್ಟು ಕರೆದು ಕೂರಿಸಿದ್ದೀರಿ. ಕರೆದ ಮೇಲೆ ಕಳಿಸೋದಕ್ಕೆ ಗೊತ್ತಿರಬೇಕು. ನೆಂಟರನ್ನ ಕರೆದು ಬೀದೀಲಿ ಕೂರಿಸಿ ಬಾಗಿಲು ಹಾಕ್ಕೊಂಡು ಹೋಗ್ತೀರಾ?"

ಅವನು ನಿಧಾನವಾಗಿ ಹೇಳಿದ, "ಚಿಕ್ಕಮ್ಮ, ಪಟ ಬಂದ ಮೇಲೆ ಅಲ್ಲಿ ಕುಡುಕರು ಮಲಗೋದು ನಿಂತಿದೆ. ಗುಟ್ಕಾ ಉಗುಳೋದು ನಿಂತಿದೆ. ಲೈಟ್ ಇದೆ ಅಂತ ಸಂಜೆ ಬಸ್ಸಿಳಿಯೋ ಹೆಂಗಸ್ರಿಗೆ ಧೈರ್ಯ ಇದೆ. ಪಂಚಾಯ್ತಿಯವ್ರು ಇಷ್ಟು ವರ್ಷದಲ್ಲಿ ಒಂದು ಬಲ್ಬ್ ಹಾಕಿದ್ರಾ? ನಾವು ಹಾಕಿದ್ವಿ. ನೀವೇ ಹಿಂಗಂದ್ರೆ ನಾಳೆ ಬೇರೆಯವ್ರು ಎಂತ ಅಂತಾರೆ? ದಿನಾ ಪೂಜೆ ಮಾಡೋರು ನೀವು."

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ಉಗುಳು ನಿಂತದ್ದು ನಿಜ, ಬೆಳಕು ಬಂದದ್ದೂ ನಿಜ. ಅದಕ್ಕೇ ಮತ್ತೂ ಸಂಕಟವಾಯಿತು. ಉಗುಳುವವರಿಗೆ ಹೇಳುವ ಧೈರ್ಯ ನಮಗಿಲ್ಲವೆಂದು ಗಣಪತಿಯನ್ನು ಕಾವಲಿಗೆ ನಿಲ್ಲಿಸಿದೆವಲ್ಲ. ದಿನಾ ಪೂಜೆ ಮಾಡುವವಳಾದ್ದರಿಂದಲೇ ನನಗೆ ನೋವಾಗುತ್ತಿದೆ ಎಂದು ಅವನಿಗೆ ಹೇಳಲು ನೋಡಿದೆ. ನನಗೆ ಭಾಷಣ ಬರುವುದಿಲ್ಲ. ನನ್ನ ತವರು ತೀರ್ಥಹಳ್ಳಿ ಕಡೆ. ಅಲ್ಲಿ ನಮ್ಮಮ್ಮ ದಿನವೂ ಮಲಗುವ ಮುಂಚೆ ದೇವರ ಗೂಡಿಗೆ ಪರದೆ ಎಳೆಯುತ್ತಿದ್ದಳು, ಅವನಿಗೂ ದಣಿವಾಗಿರುತ್ತದೆ ಅಂತ. ಗುಡಿಗೆ ಬಾಗಿಲಿದೆ, ಮನೆಯ ದೇವರಿಗೆ ಪರದೆ ಇದೆ. ತಂಗುದಾಣಕ್ಕೆ ಮೂರೇ ಗೋಡೆ. ಬಾಗಿಲಿಲ್ಲದ ಜಾಗದಲ್ಲಿ ದೇವರನ್ನು ಇಟ್ಟರೆ ಅವನು ನಮ್ಮಿಂದ ಮರೆಯಾಗುವುದು ಯಾವಾಗ, ನಾವು ಅವನಿಂದ ಮರೆಯಾಗುವುದು ಯಾವಾಗ? ಮೈಲಿಗೆಯ ಮನುಷ್ಯರಿಗೂ ಮಳೆ ಬರುತ್ತದೆ.

ಇಷ್ಟೆಲ್ಲ ಹೇಳಲಿಲ್ಲ. "ಪಟ ನಮ್ಮ ಮನೆಗೆ ತರ್ತೀನಿ, ಇಲ್ಲೇ ಪೂಜೆ ಮಾಡ್ತೀನಿ" ಎಂದಷ್ಟೇ ಹೇಳಿದೆ.

"ನೋಡಾಣ" ಎಂದು ಎದ್ದು ಹೋದ.

ನಮ್ಮ ಮನೆಯವರು ಒಳಗಿನಿಂದ ಎಲ್ಲ ಕೇಳಿಸಿಕೊಂಡು, "ನಿಂಗ್ಯಾಕೆ ಊರ ಉಸಾಬರಿ?" ಎಂದರು. ಮಗಳ ಕೈ ಊರ ಉಸಾಬರಿಯೇ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವರು ಆ ದಿನ ಊಟ ಮಾಡುತ್ತಿರಲಿಲ್ಲ.

ಭಟ್ಟರಿಗೆ ಫೋನು ಮಾಡಿದೆ. "ಪಟಕ್ಕೆ ಅಷ್ಟೆಲ್ಲ ಇಲ್ಲ ತಾಯಿ. ಆದ್ರೂ ನಿಮ್ಮ ಮನಸ್ಸಿಗೆ ಬೇಕಲ್ಲ. ಮಿಂದು ಹೋಗಿ ಅಕ್ಷತೆ ಹಾಕಿ, ಉತ್ತರಕ್ಕೆ ಸ್ವಲ್ಪ ಸರಿಸಿ, ಕೈಮುಗಿದು ಎತ್ಕೊಂಡು ಬನ್ನಿ. ದೋಷ ಇಲ್ಲ" ಎಂದರು. ಒಳ್ಳೆಯ ಮನುಷ್ಯ. ನವರಾತ್ರಿ ಶುರುವಾಗುವ ಮುಂಚಿನ ಬೆಳಿಗ್ಗೆ ತಲೆಗೆ ಮಿಂದು, ಒದ್ದೆ ಸೀರೆಯಲ್ಲೇ ಹೋಗಿ ಹಾಗೇ ಮಾಡಿದೆ. ಎದ್ದು ಬಾರಪ್ಪ, ನಿನಗೂ ಒಂದು ಬಾಗಿಲು ಇರುವ ಮನೆ ಇರಲಿ ಎಂದೆ. ಪಟ ಭಾರವಿತ್ತು. ಎದೆಗೆ ಒತ್ತಿಕೊಂಡು ತಂದು ನಮ್ಮ ದೇವರ ಗೂಡಿನ ಪಕ್ಕ ಇಟ್ಟೆ. ಆ ದಿನ ಬಸ್ಸು ಕಾಯುವವರು ಒಳಗೆ ಕೂತಿದ್ದನ್ನು ಅಂಗಳದಿಂದಲೇ ನೋಡಿದೆ. ಒಣಮೀನಿನ ಬುಟ್ಟಿ ನೆಲದ ಮೇಲಿತ್ತು. ಅವಳು ಕಾಲು ಚಾಚಿಕೊಂಡು ಎಲೆ ಅಡಿಕೆ ಹಾಕುತ್ತಿದ್ದಳು. ಎಷ್ಟು ಚಂದ ಕಂಡಿತು.

ಸಂಜೆ ಭಾವನ ಮಗ ಬಂದ. ಜೊತೆಗೆ ಸಂಘದ ಇಬ್ಬರು. ಅಂಗಳದಲ್ಲೇ ನಿಂತರು, ಚಾವಡಿಗೆ ಹತ್ತಲಿಲ್ಲ.

"ಪಬ್ಲಿಕ್ ದೇವರನ್ನ ಮನೆಗೆ ತಂದ್ಕೊಂಡ್ರಾ ಚಿಕ್ಕಮ್ಮ?"

"ಪಬ್ಲಿಕ್ ಜಾಗ ಅಂತ ತಂದೆ ಕಣೋ. ದೇವರು ಎಲ್ಲಾ ಕಡೆ ಇರ್ತಾನೆ. ಬಸ್ ಸ್ಟಾಪ್ ಊರಿಗೆಲ್ಲ ಇರೋದು ಒಂದೇ."

ಜೊತೆಗಿದ್ದವರಲ್ಲಿ ಒಬ್ಬ, ನಾನು ಎತ್ತಿ ಆಡಿಸಿದ ಹುಡುಗ, ನನಗೆ ಕೇಳಲಿ ಎಂದೇ ಇನ್ನೊಬ್ಬನಿಗೆ ಹೇಳಿದ, "ಮಾತು ಕೇಳಿದ್ಯಾ? ಇವರ ಬಾಯಲ್ಲಿ ಯಾರು ಹೇಳಿಸ್ತಿದ್ದಾರೋ." ಸಂಘದ ವಾಟ್ಸಾಪ್ ಗುಂಪಿನಲ್ಲೂ ಅದೇ ಬಂತಂತೆ, ನಮ್ಮವರೇ ನಮಗೆ ಶತ್ರು ಅಂತ. ಹೆಸರು ಹಾಕಿರಲಿಲ್ಲ. ಇಷ್ಟು ಸಣ್ಣ ಊರಿನಲ್ಲಿ ಹೆಸರು ಹಾಕುವ ಅಗತ್ಯವೂ ಇಲ್ಲ. ನವರಾತ್ರಿಯ ಅರಿಶಿನ ಕುಂಕುಮಕ್ಕೆ ಪ್ರತಿವರ್ಷ ಬರುತ್ತಿದ್ದ ಹೆಂಗಸರಲ್ಲಿ ಅರ್ಧ ಜನ ಬರಲಿಲ್ಲ. ನಮ್ಮ ವಾರಗಿತ್ತಿ ಬಂದಳು, ಕೂತು ಕೋಸಂಬರಿ ತಿಂದಳು, "ಮಗ ಸಿಟ್ಟಲ್ಲಿದ್ದಾನೆ, ನೀನೊಂದು ಮಾತು ಸಾರಿ ಅಂದುಬಿಡು" ಎಂದು ಹೇಳಿ ಹೋದಳು. ಬಂದಳಲ್ಲ, ಅದೂ ಒಂದು ಎಣಿಕೆಗೆ ಸೇರಿತು.

ದೀಪಾವಳಿಯ ವಾರದಲ್ಲಿ ಕ್ರಾಸಿನಿಂದ ಟೈಲ್ಸ್ ಕೊಯ್ಯುವ ಮಷೀನಿನ ಸದ್ದು ಕೇಳುತ್ತಿತ್ತು. ಏನು ಅಂತ ಹೋಗಿ ನೋಡಲಿಲ್ಲ. ಮನೆಯವರೇ ಬಂದು ಹೇಳಿದರು. ತಂಗುದಾಣದ ಹಿಂದಿನ ಗೋಡೆ ತುಂಬ ಟೈಲ್ಸ್. ಟೈಲ್ಸಿನ ಮೇಲೆ ಮಾಡಿನ ಎತ್ತರಕ್ಕೆ ಗಣಪತಿ. ನಡುವಿನ ಕಟ್ಟೆಗೆ ಗ್ರಾನೈಟ್ ಹಾಕಿ, ಮೇಲೆ ದೀಪ ಇಡುವುದಕ್ಕೆ ಪೀಠ, ಸುತ್ತ ಸ್ಟೀಲ್ ಕಂಬಿ. ಕೂರುವುದಕ್ಕೆ ಆಚೆಗೊಂದು ತುಂಡು, ಈಚೆಗೊಂದು ತುಂಡು ಕಟ್ಟೆ ಉಳಿದಿದೆ. ರಟ್ಟಿನ ಬೋರ್ಡು ಹೋಗಿ ತಗಡಿನ ಬೋರ್ಡು ಬಂದಿದೆ.

"ಪಂಚಾಯ್ತಿ ಮೆಂಬರ್ ಎಂತ ಅಂದ್ರು?" ಎಂದು ಕೇಳಿದೆ.

"ಅವರೇ ತೆಂಗಿನಕಾಯಿ ಒಡೆದದ್ದು" ಎಂದರು.

ಮತ್ತೆ ಭಟ್ಟರಿಗೇ ಫೋನು ಮಾಡಿದೆ. ಯಾಕೆ ಮಾಡಿದೆನೋ. "ಇದನ್ನ ಕದಲಿಸೋದು ಹೆಂಗೆ?" ಎಂದೆ. ಅವರು ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಸಿಮೆಂಟ್ ಹಾಕಿ ಮೆತ್ತಿದ್ದನ್ನ ಕದಲಿಸೋದಕ್ಕೆ ನಂಗೆ ಬರೋ ಮಂತ್ರ ಇಲ್ಲ ತಾಯಿ. ನನ್ನನ್ನ ಕರೀಲಿಲ್ಲ. ಬೇರೆಯವ್ರನ್ನ ಕರೆಸಿ ಮಾಡಿಸಿದ್ರು" ಎಂದರು.

ಮಗಳ ಪ್ಲಾಸ್ಟರ್ ಬಿಚ್ಚಿದರು. ಕೈ ತೆಳ್ಳಗಾಗಿತ್ತು, ಚರ್ಮ ಬಿಳಿಚಿತ್ತು, ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಕಾಲೇಜಿನಲ್ಲಿ ಹಾಜರಿ ಕಡಿಮೆಯಾಗಿದೆ, ಇನ್ನು ತಪ್ಪಿಸಿದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಮತ್ತೆ ಹೊರಡುವ ದಿನ ಬಂತು. ಆ ದಿನವೇ ಅಕಾಲದ ಮಳೆ, ಆ ದಿನವೇ ಅವಳು ಹೊರಗೆ. ಚೀಲ ನಾನು ಹಿಡಿದುಕೊಂಡು ಜೊತೆಗೆ ಹೋದೆ.

ಕ್ರಾಸಿನಲ್ಲಿ ಸೀರಿಯಲ್ ಲೈಟು ಹಗಲಲ್ಲೇ ಮಿಣುಕುತ್ತಿತ್ತು. ಗಣಪತಿ ಒಬ್ಬನೇ ಒಳಗೆ. ಒಣಮೀನಿನವಳು ಮೋರಿ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಹೊದ್ದು ಕೂತಿದ್ದಳು. ಬುಟ್ಟಿಗೆ ಇನ್ನೊಂದು ಪ್ಲಾಸ್ಟಿಕ್.

"ಬನ್ನಿ ಅಮ್ಮ, ಮೈಲಿಗೆಯವರ ಸ್ಟಾಪ್ ಇಲ್ಲಿ" ಎಂದು ಕರೆದಳು. "ಕುಳಿತ್ಕೊಳ್ಳಿ, ಇದಕ್ಕೆ ಯಾರೂ ಟೈಲ್ಸ್ ಹಾಕೂದಿಲ್ಲ."

ನಗು ಬಂತು. ಮಗಳು ನಡುಗುತ್ತಿದ್ದಳು. ರಸ್ತೆಯ ಅಂಚು, ಬೈಕು ಜಾರಿದ ಅದೇ ಜಾಗ ನಾಲ್ಕು ಮಾರು ದೂರದಲ್ಲಿತ್ತು.

"ಒಳಗೆ ಹೋಗಿ ಕೂತ್ಕೋ. ನಾನು ಹೇಳ್ತಿದ್ದೀನಿ, ದೋಷ ಬಂದ್ರೆ ನಂಗೆ ಬರ್ಲಿ" ಎಂದೆ.

ಅವಳು ಒಳಗೆ ನೋಡಿದಳು. ಗಣಪತಿಯ ಕಣ್ಣು ಟೈಲ್ಸಿನಲ್ಲಿ ಹೊಳೆಯುತ್ತಿತ್ತು.

"ನನ್ನ ಜಾಗದಲ್ಲಿ ನೀನಿದ್ದೀಯ ಅನ್ಕೋ. ನೀನು ಹೋಗ್ತಿದ್ಯಾ ಅಮ್ಮ?"

ಹೋಗುತ್ತಿರಲಿಲ್ಲ. ಈ ವಯಸ್ಸಿನಲ್ಲೂ ಹೋಗುತ್ತಿರಲಿಲ್ಲ. ಗಣಪತಿ ಹೊಡೆಯುತ್ತಾನೆ ಎಂದಲ್ಲ. ಅವನ ಮುಂದೆ ಹೇಗೆ ಇರಬೇಕು ಎಂದು ಕಲಿತಿದ್ದೇನೋ ಹಾಗೆ ಇರಲಾಗದಿದ್ದರೆ ಅವನ ಮುಂದೆ ಇರಬಾರದು, ಅಷ್ಟೇ. ಅದನ್ನೇ ಅವಳಿಗೂ ಕಲಿಸಿದ್ದೆ. ಚೆನ್ನಾಗಿಯೇ ಕಲಿತಿದ್ದಾಳೆ. ಭಕ್ತಿ ಇಲ್ಲದ ಮನೆಯ ಹುಡುಗಿಯಾಗಿದ್ದರೆ ಒಣ ಜಾಗದಲ್ಲಿ ಆರಾಮವಾಗಿ ಕೂತಿರುತ್ತಿದ್ದಳು. ದೇವರಿಗಾಗಿ ಕಟ್ಟಿದೆವು ಎನ್ನುವ ಈ ಅಲಂಕಾರ ಮಳೆಗೆ ನಿಲ್ಲಿಸಿದ್ದು ದೇವರನ್ನು ನಂಬಿದವರನ್ನೇ. ಇದನ್ನು ಸಂಘದ ಹುಡುಗರಿಗೆ ಯಾರು ಹೇಳುವುದು? ಅವರ ಮನೆಯಲ್ಲೂ ಅಕ್ಕ ತಂಗಿಯರಿದ್ದಾರೆ. ಅವರು ಎಲ್ಲಿ ನಿಂತು ಬಸ್ಸು ಕಾಯುತ್ತಾರೆ ಎಂದು ಒಬ್ಬನೂ ಕೇಳಿರಲಾರ.

ಒಂದೇ ಕೊಡೆಯ ಕೆಳಗೆ ಮೂವರೂ ಮುದುಡಿಕೊಂಡು ಕೂತೆವು. ಒಣಮೀನಿನ ವಾಸನೆ, ಮಗಳ ಒದ್ದೆ ಕೂದಲಿನ ವಾಸನೆ, ಆಚೆಯಿಂದ ಊದುಬತ್ತಿಯ ವಾಸನೆ. ಬೇಡಿಕೊಳ್ಳಲು ಕೈ ಎತ್ತಿದರೆ ಕೊಡೆ ಬಿಡಬೇಕು. ಮನಸ್ಸಲ್ಲೇ ಅವನಿಗೆ ಹೇಳಿದೆ, ನಿನ್ನದೇನೂ ತಪ್ಪಿಲ್ಲಪ್ಪ, ನಿನ್ನನ್ನೂ ಯಾರೂ ಕೇಳಿಲ್ಲ.

ಬಸ್ಸು ಬಂತು. ತಂಗುದಾಣದ ಮುಂದೆ ನಿಲ್ಲಿಸದೆ ಡ್ರೈವರು ಮೋರಿಯ ತನಕ ತಂದು ನಿಲ್ಲಿಸಿದ. ಅವನಿಗೆ ಗೊತ್ತಿತ್ತು, ಜನ ಎಲ್ಲಿದ್ದಾರೆಂದು. ಕಂಡಕ್ಟರು ಮೊದಲು ಬುಟ್ಟಿ ಎತ್ತಿಕೊಂಡ, ಆಮೇಲೆ ಮಗಳ ಬಲಗೈ ಹಿಡಿದು ಹತ್ತಿಸಿದ. "ಮುಂದಿನ ಸೀಟಲ್ಲಿ ಕೂರ್ಸ್ತೀನಿ, ನೀವು ಹೋಗಿ ಅಮ್ಮ" ಎಂದ. ಆ ದಿನದ ಲೆಕ್ಕಕ್ಕೆ ಅಷ್ಟು ಸಿಕ್ಕಿತು.

ವಾಪಸು ಬರುವಾಗ ತಂಗುದಾಣದ ಮುಂದೆ ನಿಂತು ಕೈಮುಗಿದೆ. ಮುಗಿಯದೆ ಬರಲು ನನಗೆ ಬರುವುದಿಲ್ಲ. ಚಪ್ಪಲಿ ಹೊರಗೆ ಬಿಟ್ಟೇ ಮುಗಿದೆ. ಮನೆಗೆ ಬಂದು ಕೊಡೆಯನ್ನು ಜಗಲಿಯಲ್ಲಿ ಬಿಚ್ಚಿಟ್ಟು, ಕಾಲು ತೊಳೆದು ಒಳಗೆ ಹೋದೆ. ಗೂಡಿನ ಪಕ್ಕದ ಪಟದ ಗಾಜಿನ ಮೇಲೆ ಮಸಿ ಕೂತಿತ್ತು, ಸೆರಗಿನಿಂದ ಒರೆಸಿದೆ. ಬೆಳಿಗ್ಗೆ ದೋಸೆಗೆ ನೆನೆಹಾಕಿದ್ದ ಅಕ್ಕಿ ಉದ್ದು ಹಾಗೇ ಇತ್ತು. ನೀರು ಬಸಿದು, ಕರೆಂಟು ಹೋಗುವ ಮುಂಚೆ ರುಬ್ಬಿಬಿಡಬೇಕೆಂದು ಗ್ರೈಂಡರಿಗೆ ಹಾಕಿದೆ.